‘ಅರ್ಥ ಆಯ್ತಾ?’ ಅಂತ ಕೇಳಬೇಡಿ: ಬೌದ್ಧಿಕ ವಿಕಲತೆ ಇರುವ ನೌಕರರ ಮೇಲ್ವಿಚಾರಣೆ ಕುರಿತು

(ಮೇಲ್ವಿಚಾರಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಸೂಪರ್‌ವೈಸರ್‌ಗಳು, ಟೀಮ್ ಲೀಡರ್‌ಗಳು, ಎಚ್‌ಆರ್‌ನವರು. ಹಾಗಾಗಿ ‘ಅವರಿಗೂ ಅವಕಾಶ ಕೊಡಬೇಕು’ ಅನ್ನುವ ಭಾಷಣ ಮಾಡುವುದಿಲ್ಲ. ಅದನ್ನು ನೀವು ಬೇಕಾದಷ್ಟು ಸಲ ಕೇಳಿದ್ದೀರಿ, ಚಪ್ಪಾಳೆಯನ್ನೂ ತಟ್ಟಿದ್ದೀರಿ. ನಾನು ಹೇಳುವುದು ಅವಕಾಶ ಕೊಟ್ಟ ಮೇಲಿನ ಕಥೆ. ಕೆಲಸಕ್ಕೆ ಸೇರಿಸಿಕೊಂಡಾಯ್ತು, ಐಡಿ ಕಾರ್ಡ್ ಕೊಟ್ಟಾಯ್ತು, ಫೋಟೊ ತೆಗೆಸಿಕೊಂಡಾಯ್ತು. ಸೋಮವಾರ ಬೆಳಿಗ್ಗೆ ಆ ನೌಕರ ನಿಮ್ಮೆದುರು ಬಂದು ನಿಂತಿದ್ದಾರೆ. ಈಗ ಏನು ಮಾಡುತ್ತೀರಿ?

ಹೆಚ್ಚಿನ ಕಡೆ ಎರಡರಲ್ಲೊಂದು ಆಗುತ್ತದೆ. ಒಂದೋ, ಎಲ್ಲರಿಗೂ ಹೇಳುವ ಹಾಗೆ ಗಡಿಬಿಡಿಯಲ್ಲಿ ಒಂದು ಸಲ ಹೇಳಿ, ಬರದಿದ್ದಾಗ ‘ಇವರ ಕೈಲಿ ಆಗಲ್ಲ ಬಿಡಿ’ ಅಂತ ಕೈ ತೊಳೆದುಕೊಳ್ಳುತ್ತೇವೆ. ಇಲ್ಲವೇ, ಪಾಪ ಅಂತ ಏನೂ ಹೇಳದೆ, ಏನೂ ಕೇಳದೆ, ಮೂಲೆಯಲ್ಲಿ ಕೂರಿಸಿ ಸಂಬಳ ಕೊಡುತ್ತೇವೆ. ಎರಡರಲ್ಲೂ ಆ ವ್ಯಕ್ತಿ ನೌಕರ ಆಗುವುದೇ ಇಲ್ಲ. ನನ್ನ ವಾದ ಇಷ್ಟೇ. ಕೆಲಸ ಬರಲಿಲ್ಲ ಅಂದರೆ ಮೊದಲು ಅನುಮಾನ ಬರಬೇಕಾದ್ದು ಕಲಿಸಿದ ರೀತಿಯ ಮೇಲೆ. ಕಲಿಸಿದ ಮೇಲೆ ಅವರನ್ನು ಬೇರೆ ಯಾವುದೇ ನೌಕರರ ಹಾಗೆ ನಡೆಸಿಕೊಳ್ಳಬೇಕು, ತಪ್ಪಾದಾಗ ತಪ್ಪು ಅಂತ ಹೇಳುವುದನ್ನೂ ಸೇರಿಸಿ.

ಯಾರ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಬೌದ್ಧಿಕ ವಿಕಲತೆ ಅಂದರೆ ಮಾನಸಿಕ ಕಾಯಿಲೆ ಅಲ್ಲ. ಅದು ಬೆಳವಣಿಗೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುವಂಥದ್ದು. ಐಕ್ಯೂ ಪರೀಕ್ಷೆಯಲ್ಲಿ ಸುಮಾರು 70ರಿಂದ 75ರ ಒಳಗೆ ಬರುವುದು ಒಂದು ಲಕ್ಷಣ. ಆದರೆ ಅದೊಂದೇ ಸಾಲದು. ಓದು, ಲೆಕ್ಕ, ಸಮಯದ ಅಂದಾಜು, ಜನರ ಜೊತೆಗಿನ ಒಡನಾಟ, ದಿನನಿತ್ಯದ ಕೆಲಸ, ಇವುಗಳಲ್ಲೂ ಗಣನೀಯ ತೊಡಕು ಇರಬೇಕು. ಬಹುಪಾಲು ಜನರದು ಸೌಮ್ಯ ಮಟ್ಟದ್ದು. ಎಷ್ಟೋ ಸಲ ಮಾತಾಡಿಸಿದರೆ ಗೊತ್ತೂ ಆಗುವುದಿಲ್ಲ.

ಒಂದು ಮಾತನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ: ‘ಇವರಿಗೆ ವಯಸ್ಸು ಮೂವತ್ತು, ಬುದ್ಧಿ ಐದು ವರ್ಷದ ಮಗುವಿನದು.’ ಮೂವತ್ತು ವರ್ಷ ಬದುಕಿದವರಿಗೆ ಮೂವತ್ತು ವರ್ಷದ ಅನುಭವ ಇರುತ್ತದೆ. ಪ್ರೀತಿ, ಸಿಟ್ಟು, ಅವಮಾನ, ಸಾಲ, ಸಂಬಳದ ದಿನದ ಖುಷಿ ಎಲ್ಲ ಇರುತ್ತದೆ. ಮಗು ಅಂದುಕೊಂಡರೆ ನೀವು ಮಗುವಿಗೆ ಕೊಡುವ ಕೆಲಸವನ್ನೇ ಕೊಡುತ್ತೀರಿ.

ಈಗ ವಿಷಯಕ್ಕೆ ಬರೋಣ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರ್ಕ್ ಗೋಲ್ಡ್ ಅನ್ನುವ ಸಂಶೋಧಕ ಒಂದು ಪ್ರಯೋಗ ಮಾಡಿದರು. ಆ ಕಾಲದಲ್ಲಿ ಬೌದ್ಧಿಕ ವಿಕಲತೆ ಇರುವವರಿಗೆ ಪ್ರತ್ಯೇಕ ವರ್ಕ್‌ಶಾಪ್‌ಗಳಿದ್ದವು. ಅಲ್ಲಿ ಅವರಿಗೆ ಸಿಗುತ್ತಿದ್ದದ್ದು ವಿಂಗಡಿಸುವ, ಚೀಲಕ್ಕೆ ತುಂಬುವ ಸುಲಭದ ಕೆಲಸಗಳು. ಅಂಥವರ ಮುಂದೆ ಗೋಲ್ಡ್ ಸೈಕಲ್ ಬ್ರೇಕ್ ಇಟ್ಟರು. 15 ಬಿಡಿಭಾಗಗಳನ್ನು ಸರಿಯಾದ ಕ್ರಮದಲ್ಲಿ, ಸರಿಯಾದ ಮುಖ ಮಾಡಿ ಜೋಡಿಸಬೇಕು. ಇಲ್ಲಿರುವ ನಾವು ಎಷ್ಟು ಜನ ಜೋಡಿಸುತ್ತೇವೋ! ಮಧ್ಯಮ ಮತ್ತು ತೀವ್ರ ಮಟ್ಟದ ವಿಕಲತೆ ಇದ್ದವರು ಅದನ್ನು ಕಲಿತರು.

ಹೇಗೆ ಕಲಿತರು ಅನ್ನುವುದು ನಮಗೆ ಮುಖ್ಯ. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದಿದ್ದರು. ಕೆಲವರಿಗೆ ಕೊಟ್ಟ ಬಿಡಿಭಾಗಗಳಲ್ಲಿ ಕಲಿಯುವವರ ಕಡೆ ತಿರುಗಬೇಕಾದ ಮುಖಕ್ಕೆ ಬಣ್ಣ ಬಳಿದಿದ್ದರು. ಬಣ್ಣ ಇದ್ದವರು ಬೇಗ ಕಲಿತರು. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಗೋಲ್ಡ್ ಅವರ ಪದ್ಧತಿಯಲ್ಲಿ ಕಲಿಸುವವರು ಮಾತು ಆಡುವುದೇ ಕಮ್ಮಿ. ಹೆಜ್ಜೆ ಸರಿ ಇದ್ದರೆ ಸುಮ್ನಿರುವುದು. ತಪ್ಪಿದರೆ ‘ಬೇರೆ ರೀತಿ ಪ್ರಯತ್ನಿಸಿ’ ಅನ್ನುವುದು. ಅಷ್ಟೇ. ನಾವಾದರೆ ಪಕ್ಕದಲ್ಲಿ ನಿಂತು ‘ಹಾಂ, ಅದಲ್ಲ, ಇದು, ಆ ಕಡೆ, ಅಯ್ಯೋ, ಹಾಂ ಹಾಂ, ವೆರಿ ಗುಡ್’ ಅಂತ ರೇಡಿಯೋ ಹಾಕಿದ ಹಾಗೆ ಮಾತಾಡುತ್ತೇವೆ. ಕೇಳುವವರು ಕೈಯಲ್ಲಿರುವುದನ್ನು ನೋಡಬೇಕೋ, ನಮ್ಮ ಮಾತನ್ನು ಹಿಂಬಾಲಿಸಬೇಕೋ?

ಹೆಜ್ಜೆ ಒಡೆಯುವುದು ಅಂದರೇನು ಅಂತ ಒಂದು ಉದಾಹರಣೆಯಲ್ಲಿ ನೋಡೋಣ. ಗೋದಾಮಿನಲ್ಲಿ ಒಬ್ಬರಿಗೆ ‘ಬಾಕ್ಸ್ ಪ್ಯಾಕ್ ಮಾಡಿ’ ಅನ್ನುತ್ತೀರಿ. ನಿಮ್ಮ ಲೆಕ್ಕದಲ್ಲಿ ಅದು ಒಂದು ಕೆಲಸ. ಆದರೆ ಚಪ್ಪಟೆ ಮಡಚಿಟ್ಟ ರಟ್ಟಿನ ಡಬ್ಬವನ್ನು ಮೊದಲು ಬಿಡಿಸಬೇಕು. ಯಾವ ಕಡೆ ತಳ, ಯಾವ ಕಡೆ ಬಾಯಿ ಅಂತ ಗೊತ್ತಾಗಬೇಕು. ತಳದಲ್ಲಿ ಮೊದಲು ಗಿಡ್ಡ ಮಡಿಕೆಗಳು, ಅವುಗಳ ಮೇಲೆ ಉದ್ದದ ಮಡಿಕೆಗಳು. ಟೇಪ್ ನಡುಮಧ್ಯೆ ಬರಬೇಕು, ಎರಡೂ ತುದಿಯಲ್ಲಿ ಒಂದಿಷ್ಟು ಕೆಳಗೆ ಮಡಚಿರಬೇಕು. ಡಬ್ಬ ತಿರುಗಿಸಬೇಕು. 12 ಬಾಟಲಿ ಎಣಿಸಿ ಇಡಬೇಕು. ಮೇಲೆ ಬಿಲ್. ಮತ್ತೆ ಮುಚ್ಚಿ ಟೇಪ್. ಲೇಬಲ್ ಮೇಲ್ಭಾಗದ ಮೂಲೆಗೆ, ತಲೆಕೆಳಗಾಗದ ಹಾಗೆ. ಕೊನೆಗೆ, ತುಂಬಿದ ಡಬ್ಬ ಎಲ್ಲಿ ಇಡಬೇಕು? ಅದನ್ನು ಯಾರೂ ಹೇಳಿರುವುದಿಲ್ಲ. ಆ ನೌಕರ ಡಬ್ಬ ಹಿಡಿದು ನಿಂತಿರುತ್ತಾರೆ, ದೂರದಿಂದ ನೋಡುವವರಿಗೆ ಸೋಮಾರಿತನ ಅನ್ನಿಸುತ್ತದೆ.

ಈಗ ಇದರಲ್ಲಿ ಎಡವುವ ಜಾಗ ಯಾವುದು? ಎಲ್ಲ ಹೆಜ್ಜೆಯೂ ಅಲ್ಲ, ಒಂದೋ ಎರಡೋ ಇರುತ್ತವೆ. ಎಣಿಕೆ ತಪ್ಪುತ್ತಿದೆ ಅಂತ ಇಟ್ಟುಕೊಳ್ಳಿ. ಇಲ್ಲಿ ಹೆಚ್ಚಿನ ಸೂಪರ್‌ವೈಸರ್‌ಗಳು ಎಣಿಸುವುದನ್ನು ಕಲಿಸಲು ಕೂರುತ್ತಾರೆ. ಬೇಡ. ಶಾಲೆಯಲ್ಲಿ ವರ್ಷಗಟ್ಟಲೆ ಆಗದ್ದು ನಿಮ್ಮ ಶಿಫ್ಟ್‌ನಲ್ಲಿ ಆಗಬೇಕಿಲ್ಲ. ನಿಮಗೆ ಬೇಕಾದ್ದು ಡಬ್ಬದಲ್ಲಿ 12 ಬಾಟಲಿ, ಲೆಕ್ಕದ ಪಾಠ ಅಲ್ಲ. 12 ಖಾನೆ ಇರುವ ಒಂದು ಟ್ರೇ ಮಾಡಿಸಿ. ಖಾನೆ ತುಂಬಿದರೆ ಎಣಿಕೆ ಮುಗಿಯಿತು. ಲೇಬಲ್ ಸೊಟ್ಟ ಅಂಟುತ್ತಿದ್ದರೆ ಮೂಲೆ ಕತ್ತರಿಸಿದ ಒಂದು ರಟ್ಟಿನ ಅಚ್ಚು ಕೊಡಿ. ತುಂಬಿದ ಡಬ್ಬ ಇಡುವ ಜಾಗಕ್ಕೆ ನೆಲದ ಮೇಲೆ ಬಣ್ಣದ ಟೇಪ್ ಹಚ್ಚಿ. ಇವಕ್ಕೆಲ್ಲ ದೊಡ್ಡ ಖರ್ಚೇನೂ ಇಲ್ಲ. ಜೊತೆಗೆ ಆ ಟ್ರೇಯನ್ನು ಪಕ್ಕದ ಮೇಜಿನವರೂ ಕೇಳಿ ಪಡೆಯುತ್ತಾರೆ, ಯಾಕಂದರೆ ದಿನದ ಕೊನೆಯಲ್ಲಿ ಎಣಿಕೆ ಅವರದೂ ತಪ್ಪುತ್ತದೆ.

ಹೆಜ್ಜೆಗಳನ್ನು ಬರೆಯುವ ಮೊದಲು ಒಂದು ಕೆಲಸ ಮಾಡಿ. ಆ ಕೆಲಸವನ್ನು ನೀವೇ ನಿಮ್ಮ ಕೈಯಾರೆ ಮಾಡಿ. ಆಫೀಸಿನಲ್ಲಿ ಕೂತು ಬರೆದ ಪಟ್ಟಿಯಲ್ಲಿ ‘ಟೇಪ್ ಹಚ್ಚುವುದು’ ಅಂತ ಒಂದೇ ಸಾಲು ಇರುತ್ತದೆ. ಟೇಪ್‌ನ ತುದಿ ಸುರುಳಿಗೆ ಅಂಟಿಕೊಂಡು ಸಿಗದೆ ಹೋಗುವುದು ಅದರಲ್ಲಿ ಇರುವುದಿಲ್ಲ.

ಕಲಿಸುವಾಗ ಸಹಾಯದ ಅಳತೆ ನೋಡಿಕೊಳ್ಳಿ. ಕೆಲವರಿಗೆ ಕಣ್ಣಲ್ಲಿ ತೋರಿಸಿದರೆ ಸಾಕು, ಕೆಲವರಿಗೆ ಮಾಡಿ ತೋರಿಸಬೇಕು, ಕೆಲವರಿಗೆ ಅವರು ಒಪ್ಪಿದರೆ ಕೈ ಹಿಡಿದು ಮಾಡಿಸಬೇಕು. ಎಲ್ಲಿಂದ ಶುರು ಮಾಡಿದರೂ ಪರವಾಗಿಲ್ಲ, ಆದರೆ ಆ ಸಹಾಯವನ್ನು ದಿನದಿಂದ ದಿನಕ್ಕೆ ಕಮ್ಮಿ ಮಾಡುತ್ತಾ ಬರಬೇಕು. ಇಲ್ಲದಿದ್ದರೆ ನಿಮ್ಮ ಬೆರಳು ತೋರಿಸುವುದೇ ಕೆಲಸದ ಒಂದು ಹೆಜ್ಜೆ ಆಗಿಬಿಡುತ್ತದೆ. ನೀವು ರಜೆ ಹಾಕಿದ ದಿನ ಅವರ ಕೆಲಸ ನಿಲ್ಲುತ್ತದೆ. ಮತ್ತೆ, ಕೆಲಸ ಮಾಡಬೇಕಾದ ಜಾಗದಲ್ಲೇ ಕಲಿಸಿ. ಟ್ರೇನಿಂಗ್ ರೂಮಿನಲ್ಲಿ ಕಲಿತದ್ದು ಯಂತ್ರದ ಗದ್ದಲದ ನಡುವೆ ತಾನಾಗಿ ಬರುತ್ತದೆ ಅಂತ ನಂಬಬೇಡಿ. ಬೆಂಬಲಿತ ಉದ್ಯೋಗ ಅನ್ನುವ ಪದ್ಧತಿ ಬೆಳೆದದ್ದೇ ಈ ಅನುಭವದಿಂದ. ವರ್ಷಾನುಗಟ್ಟಲೆ ತಯಾರಿ ಮಾಡಿಸಿ ಆಮೇಲೆ ಕೆಲಸ ಹುಡುಕುವುದಲ್ಲ, ಮೊದಲು ನಿಜವಾದ ಕೆಲಸ, ಅಲ್ಲೇ ತರಬೇತಿ.

ಇನ್ನು ಮಾತು. ಈ ಉಪನ್ಯಾಸದ ತಲೆಬರಹಕ್ಕೆ ಕಾರಣ ಇದೇ. ‘ಅರ್ಥ ಆಯ್ತಾ?’ ಅಂತ ಕೇಳಿದರೆ ‘ಹೂಂ ಸರ್’ ಅನ್ನುವ ಉತ್ತರ ಬರುತ್ತದೆ. ಅರ್ಥ ಆಗಿದ್ದರೂ ಬರುತ್ತದೆ, ಆಗದಿದ್ದರೂ ಬರುತ್ತದೆ. ಬೌದ್ಧಿಕ ವಿಕಲತೆ ಇರುವವರು ಹೌದು-ಅಲ್ಲ ಪ್ರಶ್ನೆಗಳಿಗೆ ‘ಹೌದು’ ಅನ್ನುವ ಕಡೆಗೆ ವಾಲುತ್ತಾರೆ ಅನ್ನುವುದನ್ನು 1980ರ ದಶಕದ ಆರಂಭದಲ್ಲೇ ಸಂಶೋಧಕರು ತೋರಿಸಿದ್ದರು. ಪ್ರಶ್ನೆಯನ್ನು ತಿರುಗಿಸಿ ಕೇಳಿದರೂ ‘ಹೌದು’ ಬರುತ್ತಿತ್ತು. ಇದು ಸುಳ್ಳಲ್ಲ. ಜೀವನವಿಡೀ ‘ಇಷ್ಟೂ ಗೊತ್ತಾಗಲ್ವಾ?’ ಅನ್ನಿಸಿಕೊಂಡವರು ಕಂಡುಕೊಂಡ ಉಪಾಯ ಅದು. ಹೂಂ ಅಂದರೆ ಎದುರಿನವರ ಮುಖ ಸಡಿಲವಾಗುತ್ತದೆ, ಮಾತು ಮುಗಿಯುತ್ತದೆ. ಹಾಗೆ ನೋಡಿದರೆ ನಾವೂ ಮೀಟಿಂಗ್‌ಗಳಲ್ಲಿ ಇದನ್ನೇ ಮಾಡುತ್ತೇವೆ, ಅಲ್ವಾ?

ಹಾಗಾಗಿ ‘ಒಂದು ಸಲ ಮಾಡಿ ತೋರಿಸಿ’ ಅನ್ನಿ. ‘ಈಗ ಮೊದಲು ಏನು ಮಾಡುತ್ತೀರಿ?’ ಅಂತ ಕೇಳಿ. ಕೇಳಿದ ಮೇಲೆ ಕಾಯಿರಿ. ಉತ್ತರ ತಡವಾಗಿ ಬರಬಹುದು. ಆ ಮೌನದಲ್ಲಿ ನಾವು ಚಡಪಡಿಸಿ ಪ್ರಶ್ನೆಯನ್ನೇ ಬದಲಾಯಿಸಿಬಿಡುತ್ತೇವೆ, ಅವರು ಮತ್ತೆ ಮೊದಲಿಂದ ಯೋಚಿಸಬೇಕಾಗುತ್ತದೆ.

ನಮ್ಮ ಆಡುಮಾತಿನ ಸೂಚನೆಗಳನ್ನು ಒಮ್ಮೆ ಗಮನಿಸಿ. ‘ಆ ಕಡೆ ಸ್ವಲ್ಪ ನೋಡ್ಕೊಳ್ಳಿ.’ ‘ಟೈಮ್ ಸಿಕ್ಕಾಗ ಅದನ್ನೂ ಮುಗಿಸಿಬಿಡಿ.’ ‘ಜಾಸ್ತಿ ಹಾಕಬೇಡಿ.’ ಯಾವ ಕಡೆ, ಏನು ನೋಡುವುದು, ಯಾವುದನ್ನು, ಎಷ್ಟು? ಎಲ್ಲವನ್ನೂ ಕೇಳುವವರೇ ಊಹಿಸಬೇಕು. ‘ಈ ಗೆರೆವರೆಗೆ ಸೋಪು ಹಾಕಿ’ ಅನ್ನಿ, ಗೆರೆ ಎಳೆದು ತೋರಿಸಿ. ‘ಮೊದಲು ಕಿಟಕಿ ಒರೆಸಿ, ಮುಗಿದ ಮೇಲೆ ನನ್ನ ಹತ್ರ ಬನ್ನಿ’ ಅನ್ನಿ. ‘ನೆಲ ಒರೆಸುವ ಮುಂಚೆ ಕಸ ಗುಡಿಸಿರಬೇಕು’ ಅನ್ನುವುದು ತಲೆಕೆಳಗಾದ ಮಾತು. ಕೆಲಸ ನಡೆಯುವ ಕ್ರಮದಲ್ಲೇ ಹೇಳಿ: ಗುಡಿಸಿ, ಆಮೇಲೆ ಒರೆಸಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಗೋಡೆಯ ಮೇಲಿನ ಫೋಟೊ ಹೋಗುವುದಿಲ್ಲ. ಅದೇ ಮೇಜು, ಅದೇ ಯಂತ್ರ, ಸಾಧ್ಯವಾದರೆ ಅವರದೇ ಕೈ ಇರುವ ಫೋಟೊಗಳನ್ನು ಕ್ರಮವಾಗಿ ಅಂಟಿಸಿ. ಬೌದ್ಧಿಕ ವಿಕಲತೆಗೆ ಒಂದು ಸಾಮಾನ್ಯ ಕಾರಣ ಡೌನ್ ಸಿಂಡ್ರೋಮ್, ಹುಟ್ಟಿನಿಂದಲೇ ಇರುವಂಥದ್ದು. ಅದು ಇರುವ ಅನೇಕರಿಗೆ ಕೇಳಿ ನೆನಪಿಡುವುದಕ್ಕಿಂತ ನೋಡಿ ನೆನಪಿಡುವುದು ಸುಲಭ. ಅವರಲ್ಲಿ ಕಿವಿ ಮಂದವಾಗಿರುವುದೂ ಸಾಮಾನ್ಯ. ನೀವು ಮಾತು ಕೇಳಲ್ಲ ಅಂದುಕೊಂಡವರಿಗೆ ಬರೀ ಕಿವಿ ಕೇಳದೆಯೂ ಇರಬಹುದು.

ಕೆಲಸ ಹೇಗೆ ಆರಿಸಬೇಕು? ಬೇರೆ ಯಾರೂ ಮಾಡದ ಕೆಲಸವನ್ನು ಇವರಿಗೆ ತಳ್ಳುವುದು ಒಂದು ಚಟ. ‘ಒಂದೇ ಕೆಲಸ ಪದೇ ಪದೇ ಮಾಡೋದು ಅವರಿಗೆ ಬೇಜಾರಾಗಲ್ಲ’ ಅನ್ನುವ ಸಮಜಾಯಿಷಿ ಬೇರೆ. ಕೆಲವರಿಗೆ ಬೇಜಾರಾಗಲ್ಲ, ಕೆಲವರಿಗೆ ವಿಪರೀತ ಬೇಜಾರಾಗುತ್ತದೆ, ನಮ್ಮ ನಿಮ್ಮ ಹಾಗೆ. ಇದಕ್ಕಿಂತ ಒಳ್ಳೆಯ ದಾರಿ 1996ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಶುರುವಾಯಿತು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಸಾಮಗ್ರಿಗಳನ್ನು ಕಪಾಟುಗಳಿಗೆ ತುಂಬಿಡುವ ಕೆಲಸಕ್ಕೆ ಜನ ನಿಲ್ಲುತ್ತಿರಲಿಲ್ಲ, ಬಂದವರು ಬೇಗ ಬಿಟ್ಟು ಹೋಗುತ್ತಿದ್ದರು. ಅಲ್ಲಿನ ಮುಖ್ಯಸ್ಥೆ, ನರ್ಸ್ ಎರಿನ್ ರೀಲ್, ಬೆಳವಣಿಗೆಯ ವಿಕಲತೆ (ಬೌದ್ಧಿಕ ವಿಕಲತೆಯೂ ಇದರಲ್ಲಿ ಸೇರುತ್ತದೆ) ಇರುವ ಯುವಜನರಿಗೆ ಇದನ್ನು ಯಾಕೆ ಕಲಿಸಬಾರದು ಅಂತ ಯೋಚಿಸಿದರು. ಗಮನಿಸಿ, ಅದು ಚಿಲ್ಲರೆ ಕೆಲಸ ಅಲ್ಲ. ತುರ್ತು ವಿಭಾಗದಲ್ಲಿ ಬೇಕಾದ ವಸ್ತು ಬೇಕಾದ ಜಾಗದಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಅಂತ ಯೋಚಿಸಿ. ಪ್ರಾಜೆಕ್ಟ್ ಸರ್ಚ್ ಅನ್ನುವ ಆ ಕಾರ್ಯಕ್ರಮ ಈಗ ಹಲವು ದೇಶಗಳಲ್ಲಿದೆ. ನಿಮ್ಮಲ್ಲೂ ಇಂಥ ಜಾಗ ಇರುತ್ತದೆ. ಅನುಭವಿ ನೌಕರರ ಸಮಯ ಎಲ್ಲಿ ಸುಮ್ನೆ ಸೋರಿಹೋಗುತ್ತಿದೆ ನೋಡಿ. ಅದನ್ನು ಬೇರ್ಪಡಿಸಿದರೆ ಅದೇ ಒಂದು ಪೂರ್ತಿ ಹುದ್ದೆ ಆಗಬಹುದು.

ಈಗ ಸ್ವಲ್ಪ ಕಹಿ ವಿಷಯ. ಇವರು ಕೆಲಸ ಕಳೆದುಕೊಳ್ಳುವುದು ಯಾಕೆ ಅಂತ 1981ರ ಒಂದು ಅಧ್ಯಯನ ನೋಡಿತು. ಕೆಲಸ ಬಾರದಿರುವುದು ಒಂದು ಕಾರಣ ನಿಜ. ಆದರೆ ಜನರ ಜೊತೆ ಹೇಗಿರಬೇಕು ಅಂತ ತಿಳಿಯದೆ ಆದ ತೊಡಕುಗಳೂ ಅಷ್ಟೇ ದೊಡ್ಡ ಕಾರಣವಾಗಿದ್ದವು. ಕೆಲಸದ ಜಾಗದಲ್ಲಿ ಬರೆಯದ ನಿಯಮಗಳು ಎಷ್ಟಿರುತ್ತವೆ! ಬಿಡುವಿನಲ್ಲಿ ತಮಾಷೆ ಮಾಡಬಹುದು, ಮ್ಯಾನೇಜರ್ ಬಂದಾಗ ನಿಲ್ಲಿಸಬೇಕು. ‘ಹೇಗಿದ್ದೀರಿ?’ ಅಂತ ಕೇಳಿದವರಿಗೆ ಮನೆಯ ಕಥೆಯೆಲ್ಲ ಹೇಳಬಾರದು. ಗ್ರಾಹಕರನ್ನು ಮುಟ್ಟಿ ಮಾತಾಡಿಸಬಾರದು. ನಾವು ಇದನ್ನೆಲ್ಲ ನೋಡಿ ಕಲಿತೆವು. ಅವರಿಗೆ ಬಾಯಿಬಿಟ್ಟು ಹೇಳಬೇಕು.

ಹೇಳುವುದಿಲ್ಲ ನಾವು. ಇಲ್ಲೇ ನಮ್ಮ ‘ಪಾಪ’ ಅಡ್ಡ ಬರುತ್ತದೆ. ಒಬ್ಬರು ದಿನಾ ತಡವಾಗಿ ಬರುತ್ತಾರೆ, ‘ಹೋಗಲಿ ಬಿಡಿ’ ಅನ್ನುತ್ತೇವೆ. ಯಾರದೋ ಮೊಬೈಲ್ ಕೇಳದೆ ಎತ್ತಿಕೊಳ್ಳುತ್ತಾರೆ, ನಗುತ್ತೇವೆ. ತಿಂಗಳುಗಟ್ಟಲೆ ನಕ್ಕವರು ಒಂದು ದಿನ ಸಿಡಿಯುತ್ತೇವೆ. ಅವರ ದೃಷ್ಟಿಯಿಂದ ನೋಡಿ: ನಿನ್ನೆವರೆಗೆ ಸರಿ ಇದ್ದದ್ದು ಇವತ್ತು ತಪ್ಪು ಹೇಗಾಯಿತು? ತಪ್ಪು ಆದ ದಿನವೇ, ಬೇರೆಯವರ ಎದುರಲ್ಲಿ ಅಲ್ಲ, ಸಣ್ಣ ವಾಕ್ಯದಲ್ಲಿ ಹೇಳಿ. ‘ಸರಿಯಾಗಿ ಇರಿ’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘9 ಗಂಟೆಗೆ ಇಲ್ಲಿರಬೇಕು. ಇವತ್ತು 9:20ಕ್ಕೆ ಬಂದಿರಿ. ಏನಾಯ್ತು?’ ಅನ್ನಿ. ಆ ಕೊನೆಯ ಪ್ರಶ್ನೆ ಬೇಕೇ ಬೇಕು. ಬಸ್ಸಿನ ಸಮಯ ಬದಲಾಗಿರಬಹುದು, ಹೊಸ ಸಮಯ ಅವರಿಗೆ ಯಾರೂ ಹೇಳಿರದೆ ಇರಬಹುದು.

ಚೆನ್ನಾಗಿ ಕೆಲಸ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಮಂಕಾದರೆ, ರೇಗತೊಡಗಿದರೆ, ಅದನ್ನು ವಿಕಲತೆಯ ಖಾತೆಗೆ ಬರೆದುಬಿಡಬೇಡಿ. ವೈದ್ಯರೂ ಈ ತಪ್ಪು ಮಾಡುತ್ತಾರೆ. ಬೌದ್ಧಿಕ ವಿಕಲತೆ ಇದೆ ಅಂತ ಗೊತ್ತಾದ ಕೂಡಲೇ ಅದೇ ವ್ಯಕ್ತಿಯ ಮಾನಸಿಕ ತೊಂದರೆಯನ್ನು ಹಗುರವಾಗಿ ಕಾಣುವ ಪ್ರವೃತ್ತಿ ತಜ್ಞರಲ್ಲೇ ಇದೆ ಅಂತ 1982ರ ಒಂದು ಅಧ್ಯಯನ ತೋರಿಸಿತು. ವಿಕಲತೆ ನಿನ್ನೆಯೂ ಇತ್ತು. ಹಾಗಾದರೆ ಇವತ್ತು ಹೊಸದೇನು? ಹಲ್ಲುನೋವಾ? ಹೊಸ ಮಾತ್ರೆಯಾ? ಪಕ್ಕದ ಮೇಜಿನವರು ಬದಲಾದರಾ? ಮನೆಯಲ್ಲಿ ಯಾರಾದರೂ ತೀರಿಕೊಂಡರಾ? ಯಾರಾದರೂ ಗೇಲಿ ಮಾಡುತ್ತಿದ್ದಾರಾ, ಹಣ ಕೀಳುತ್ತಿದ್ದಾರಾ, ಅದಕ್ಕಿಂತ ಕೆಟ್ಟದ್ದೇನಾದರೂ ನಡೆಯುತ್ತಿದೆಯಾ? ಕೊನೆಯದನ್ನು ಅವರು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ. ದೂರು ಕೊಡುವ ದಾರಿ ಫಾರಂ ತುಂಬುವುದು ಮಾತ್ರ ಆಗಿದ್ದರೆ ಆ ದಾರಿ ಅವರಿಗೆ ಇಲ್ಲ ಅಂತಲೇ ಅರ್ಥ. ಸೂಪರ್‌ವೈಸರ್ ಅಲ್ಲದ ಇನ್ನೊಬ್ಬ ವ್ಯಕ್ತಿಯ ಮುಖ, ಹೆಸರು, ಕೂರುವ ಜಾಗ ಅವರಿಗೆ ಗೊತ್ತಿರಬೇಕು.

ಜಾಬ್ ಕೋಚ್, ಅಂದರೆ ಕೆಲಸದ ಜಾಗಕ್ಕೇ ಬಂದು ನೌಕರರಿಗೆ ಕಲಿಸಲು ನೆರವಾಗುವವರ ಬಗ್ಗೆ ಚಿಕ್ಕದಾಗಿ. ಶುರುವಿನಲ್ಲಿ ಅವರಿಂದ ತುಂಬಾ ಸಹಾಯ ಆಗುತ್ತದೆ. ಆದರೆ ಕೋಚ್ ಪಕ್ಕದಲ್ಲಿದ್ದರೆ ಎಲ್ಲರೂ ಕೋಚ್ ಜೊತೆಗೇ ಮಾತಾಡುತ್ತಾರೆ. ‘ಅವರಿಗೆ ಹೇಳಿ, ಆ ಕಡೆ ಇಡಬೇಕಂತೆ.’ ನೌಕರ ಎದುರಲ್ಲೇ ನಿಂತಿದ್ದಾರಲ್ಲ! ಮೊದಲ ದಿನದಿಂದ ಸೂಚನೆ ಕೊಡುವವರು ನೀವಾಗಿರಿ. ಕೋಚ್ ನಿಮಗೆ ಹೇಗೆ ಹೇಳಬೇಕು ಅಂತ ಕಲಿಸಲಿ, ಆಮೇಲೆ ಹಿಂದೆ ಸರಿಯಲಿ. ಇದೇ ಮಾತು ಮನೆಯವರಿಗೂ. ಸಣ್ಣಪುಟ್ಟದ್ದಕ್ಕೆಲ್ಲ ಅಪ್ಪ-ಅಮ್ಮನಿಗೆ ಫೋನ್ ಮಾಡಬೇಡಿ. ಬೇರೆ ನೌಕರರ ಮನೆಗೆ ಮಾಡುತ್ತೀರಾ? ಆ ನೌಕರರದೇ ಒಪ್ಪಿಗೆ ಕೇಳಿ, ಯಾವ ವಿಷಯಕ್ಕೆ ಮನೆಗೆ ತಿಳಿಸಬಹುದು ಅಂತ ಮೊದಲೇ ಮಾತಾಡಿಕೊಳ್ಳಿ.

ಸಂಬಳದ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ವಿಕಲತೆ ಇರುವವರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 27ನೇ ವಿಧಿ, ಅವರಿಗೆ ಉಳಿದವರ ಸಮನಾಗಿ ದುಡಿಯುವ ಹಕ್ಕು ಮತ್ತು ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಇರಬೇಕು ಅನ್ನುತ್ತದೆ. ಅಮೆರಿಕದಲ್ಲಿ 1938ರ ಕಾನೂನು ವಿಕಲತೆ ಇರುವವರಿಗೆ ಕನಿಷ್ಠ ವೇತನಕ್ಕಿಂತ ಕಮ್ಮಿ ಕೊಡಲು ವಿಶೇಷ ಪರವಾನಗಿ ಕೊಟ್ಟಿತು, ಹಲವು ರಾಜ್ಯಗಳು ಆಮೇಲೆ ಅದನ್ನು ನಿಷೇಧಿಸಿದವು. ಕೆಲಸ ಕಲಿಯಲಿ ಅಂತ ಸಂಬಳವಿಲ್ಲದೆ ವರ್ಷಗಟ್ಟಲೆ ‘ಟ್ರೇನಿ’ ಮಾಡಿಡುವುದೂ ಅದೇ ಜಾತಿಯದ್ದು. ಪೇ ಸ್ಲಿಪ್ ಅನ್ನು ಅವರ ಕೈಗೇ ಕೊಡಿ, ಕಡಿತ ಯಾಕೆ ಆಗಿದೆ ಅಂತ ಅವರಿಗೇ ಹೇಳಿ.

ಇನ್ನು ನಿಮ್ಮ ಪ್ರಶ್ನೆಗಳು.

‘ಇವರು ನಿಧಾನ. ಉಳಿದವರು ನಮಗೆ ಯಾಕೆ ಹೆಚ್ಚು ಕೆಲಸ ಅಂತ ಗೊಣಗುತ್ತಾರೆ. ಏನು ಹೇಳಲಿ?’

ಮೊದಲು ಎಲ್ಲಿ ನಿಧಾನ ಅಂತ ನೋಡಿ. ಕೈ ನಿಧಾನವೋ, ಮುಂದಿನ ಕೆಲಸ ಯಾವುದು ಅಂತ ಗೊತ್ತಾಗದೆ ನಿಲ್ಲುತ್ತಿದ್ದಾರೋ? ಎರಡನೆಯದಾದರೆ ಒಂದು ಫೋಟೊ ಪಟ್ಟಿ ಸಾಕು. ಕೈಯೇ ನಿಧಾನವಾದರೆ, ವೇಗಕ್ಕಿಂತ ಅಚ್ಚುಕಟ್ಟು ಮುಖ್ಯವಾದ ಕೆಲಸಕ್ಕೆ ಹಾಕಿ. ಗೊಣಗುವವರದು ಕೆಲವೊಮ್ಮೆ ನ್ಯಾಯವೇ. ಕಲಿಸುವ ಹೊಣೆಯನ್ನು ಪಕ್ಕದವರ ತಲೆಗೆ ಕಟ್ಟಿ, ಅವರ ಟಾರ್ಗೆಟ್ ಮಾತ್ರ ಹಾಗೇ ಇಟ್ಟಿದ್ದರೆ ಗೊಣಗದೆ ಏನು ಮಾಡುತ್ತಾರೆ? ಆ ಸಮಯವನ್ನು ಲೆಕ್ಕಕ್ಕೆ ಹಿಡಿಯಿರಿ.

‘ಯಂತ್ರದ ಹತ್ತಿರ ಬಿಡಬಹುದಾ? ಏನಾದರೂ ಆದರೆ?’

ವಿಕಲತೆ ನೋಡಿ ತೀರ್ಮಾನ ಮಾಡಬೇಡಿ. ಆ ವ್ಯಕ್ತಿ, ಆ ಯಂತ್ರ, ಎರಡನ್ನೂ ನೋಡಿ. ಅಪಾಯ ಎದುರಿಸುವುದೂ ಮನುಷ್ಯನ ಘನತೆಯ ಒಂದು ಭಾಗ ಅಂತ ವಿಕಲತೆ ಇರುವವರ ಹಕ್ಕುಗಳ ಪರ ಬರೆಯುತ್ತಿದ್ದ ಅಮೆರಿಕದ ಲೇಖಕ ರಾಬರ್ಟ್ ಪರ್ಸ್ಕಿ 1972ರಲ್ಲೇ ವಾದಿಸಿದ್ದರು. ಹಾಗಂತ ಗಾರ್ಡ್ ಇಲ್ಲದ ಬ್ಲೇಡ್ ಮುಂದೆ ನಿಲ್ಲಿಸಿ ಅಂತಲ್ಲ, ಅಲ್ಲಿ ಯಾರನ್ನೂ ನಿಲ್ಲಿಸಬಾರದು. ತುರ್ತು ಬಟನ್ ಒತ್ತುವುದನ್ನು ನಿಜವಾಗಿ ಒತ್ತಿಸಿ ಕಲಿಸಿ. ಬೆಂಕಿಯ ಅಲಾರಂ ಬಾರಿಸಿ ಹೊರಗೆ ನಡೆಸಿಕೊಂಡು ಹೋಗಿ. ಅದನ್ನು ಆಗಾಗ ಮತ್ತೆ ಮಾಡಿ.

‘ಎಲ್ಲ ಮಾಡಿದರೂ ಆಗದಿದ್ದರೆ ಕೆಲಸದಿಂದ ತೆಗೆಯಬಹುದಾ?’

ಕಾನೂನಿನ ಪ್ರಕಾರ ನಡೆದುಕೊಂಡರೆ ತೆಗೆಯಬಹುದು. ಆದರೆ ಮೊದಲು ಕೇಳಿಕೊಳ್ಳಿ: ಬೇರೆ ರೀತಿಯಲ್ಲಿ ಕಲಿಸಿ ನೋಡಿದ್ದೀರಾ? ಏನು ಸರಿ ಇಲ್ಲ ಅಂತ ಅವರಿಗೆ ಗೊತ್ತಾಗುವ ಹಾಗೆ ಹೇಳಿದ್ದೀರಾ? ನಿಮ್ಮಲ್ಲೇ ಇನ್ನೊಂದು ಕೆಲಸ ಇದೆಯಾ ಅಂತ ನೋಡಿದ್ದೀರಾ? ಇದೆಲ್ಲ ಆಗಿದ್ದರೆ ಅವರಿಗೇ ನೇರವಾಗಿ ಹೇಳಿ, ಮನೆಯವರ ಮೂಲಕ ಅಲ್ಲ. ಅವರು ನಂಬುವ ಒಬ್ಬರು ಜೊತೆಯಲ್ಲಿರಲಿ. ಕೊನೆಯ ದಿನ ಯಾವುದು, ಎಷ್ಟು ಹಣ ಬರುತ್ತದೆ, ಯಾವಾಗ ಬರುತ್ತದೆ ಅನ್ನುವುದನ್ನು ಸರಳವಾಗಿ ಬರೆದು ಕೊಡಿ. ಅನುಭವ ಪತ್ರದಲ್ಲಿ ‘ಒಳ್ಳೆಯ ನಡತೆ’ ಅಂತ ಒಂದು ಸಾಲು ಬರೆದು ಮುಗಿಸಬೇಡಿ. ಯಾವ ಯಾವ ಕೆಲಸ ತಾವೇ ಮಾಡುತ್ತಾರೆ, ಯಾವುದಕ್ಕೆ ಏನು ಸಹಾಯ ಬೇಕು, ಹೇಗೆ ಹೇಳಿದರೆ ಬೇಗ ಹಿಡಿಯುತ್ತಾರೆ, ಇಷ್ಟನ್ನು ಅವರ ಒಪ್ಪಿಗೆ ಪಡೆದು ಬರೆಯಿರಿ. ಮುಂದಿನ ಸೂಪರ್‌ವೈಸರ್ ಮತ್ತೆ ಮೊದಲಿಂದ ಶುರು ಮಾಡುವುದು ತಪ್ಪುತ್ತದೆ.